ಬರೆಯುವವರಿಗೊಂದು ಮೇಜು, ಒಂದು ಕುರ್ಚಿ, ಒಂದು ಬೀಗದ ಕೈ

 

ಭಾನುವಾರದ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯೇ ಹೆಚ್ಚು. ಆದರೆ ಮೊನ್ನೆ ಡೊಂಬಿವಿಲಿಯಿಂದ ಬಂದ ಒಂದು ಪತ್ರದಲ್ಲಿ ಹಾಡಿನ ಮಾತೇ ಇರಲಿಲ್ಲ. ಬರೆದವರು ಗೃಹಿಣಿ. ಮನೆ ಒಂದು ಖೋಲಿ, ಒಂದು ಅಡುಗೆಮನೆ. ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ರಾತ್ರಿ ಟಿವಿ ನಿಂತು, ಪಾತ್ರೆ ತೊಳೆದು, ಎಲ್ಲರ ಹಾಸಿಗೆ ಹಾಸಿ ಆದಮೇಲೆ ಹೊಲಿಗೆ ಮೆಷಿನ್ನಿನ ಮುಚ್ಚಳದ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಾರಂತೆ. ಅವರ ಅಜ್ಜಿಯ ಊರಿನ ಕಥೆ. ಮೂರು ವರ್ಷದಿಂದ ನಲವತ್ತೊಂದನೇ ಪುಟದಲ್ಲೇ ನಿಂತಿದೆ. "ದೀಪ ಹಾಕಿದರೆ ಅತ್ತೆಗೆ ಎಚ್ಚರವಾಗುತ್ತದೆ. ಬೇರೆ ಕಡೆ ಹೋಗಿ ಬರೆಯಲು ಎಲ್ಲಾದರೂ ಜಾಗ ಇರುತ್ತದೆಯೇ?" ಇದು ಅವರ ಪ್ರಶ್ನೆ.

ನಾವು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಸುಮ್ಮನಿರಗೊಡಲಿಲ್ಲ. ಕ್ರಿಕೆಟ್ ಆಡುವವರಿಗೆ ಮೈದಾನ ಇದೆ, ನಾಟಕದವರಿಗೆ ತಾಲೀಮಿನ ಹಾಲ್ ಇದೆ, ಭಜನೆಗೆ ಮಂದಿರ ಇದೆ. ಬರೆಯುವವರಿಗೆ? ಅವರಿಗೆ ಬೇಕಾದದ್ದು ಪೆನ್ನು, ಕಾಗದ ಮಾತ್ರ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ.

ಪ್ರಪಂಚದ ಕೆಲವು ಊರುಗಳಲ್ಲಿ ಹಾಗೆ ನಂಬದ ಜನ ಇದ್ದಾರೆ. ಅವರು ಬರಹಗಾರರಿಗೆಂದೇ ಹಂಚಿಕೆಯ ಕೊಠಡಿಗಳನ್ನು ಕಟ್ಟಿ ನಡೆಸುತ್ತಾ ಬಂದಿದ್ದಾರೆ. ಅದು ಹೇಗೆ ನಡೆಯುತ್ತದೆ, ಖರ್ಚು ಯಾರು ಕೊಡುತ್ತಾರೆ, ನಮ್ಮ ಊರುಗಳಲ್ಲಿ ಅದು ಸಾಧ್ಯವೇ? ಬನ್ನಿ, ನೋಡೋಣ.

ಏನಿದು ಬರಹಗಾರರ ಕೊಠಡಿ?

ಮೊದಲು ಒಂದು ಗೊಂದಲ ಬಿಡಿಸೋಣ. ಇದು ಸಾಹಿತ್ಯ ಸಂಘ ಅಲ್ಲ. ಇಲ್ಲಿ ಭಾಷಣ ಇಲ್ಲ, ಶಾಲು ಹಾರ ಇಲ್ಲ, ವಂದನಾರ್ಪಣೆ ಇಲ್ಲ. ಇದು ಬರವಣಿಗೆ ಕಲಿಸುವ ಶಾಲೆಯೂ ಅಲ್ಲ. ಗ್ರಂಥಾಲಯವೂ ಅಲ್ಲ.

ಒಂದು ದೊಡ್ಡ ಕೋಣೆ. ಅದರಲ್ಲಿ ಸಾಲಾಗಿ ಮೇಜುಗಳು, ಮಧ್ಯೆ ಮಧ್ಯೆ ಮರೆ. ಪ್ರತಿ ಮೇಜಿಗೂ ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಗೋಡೆಯ ಪಕ್ಕ ಲಾಕರುಗಳು. ಆಚೆ ಸಣ್ಣದೊಂದು ಜಾಗದಲ್ಲಿ ಕಾಫಿ ಮಾಡಿಕೊಳ್ಳುವ ವ್ಯವಸ್ಥೆ, ಮಾತಾಡುವುದಿದ್ದರೆ ಅಲ್ಲಿ. ಒಳಗೆ ಮಾತಿಲ್ಲ, ಫೋನ್ ಇಲ್ಲ. ಸದಸ್ಯರ ಕೈಯಲ್ಲಿ ಒಂದೊಂದು ಬೀಗದ ಕೈ. ಬೆಳಗ್ಗೆ ಆರಕ್ಕೆ ಬನ್ನಿ, ರಾತ್ರಿ ಹನ್ನೆರಡಕ್ಕೆ ಬನ್ನಿ, ಕೇಳುವವರಿಲ್ಲ. ಇಷ್ಟೇ!

ಇಲ್ಲಿ ಮುಖ್ಯವಾದ ಪದಗಳು ಎರಡು. ಒಂದು 'ಹಂಚಿಕೆ'. ಯಾವ ಮೇಜೂ ಯಾರದ್ದೂ ಅಲ್ಲ. ಖಾಲಿ ಇದ್ದದ್ದರಲ್ಲಿ ಕೂತು, ಎದ್ದು ಹೋಗುವಾಗ ಮೇಜು ಬರಿದು ಮಾಡಿ ಹೋಗಬೇಕು. ಎರಡನೆಯದು 'ಲಾಭವಿಲ್ಲದ' ಸಂಸ್ಥೆ. ಹಾಗೆಂದರೆ ಹಣ ತೆಗೆದುಕೊಳ್ಳುವುದಿಲ್ಲ ಎಂದಲ್ಲ. ಶುಲ್ಕ ಇದ್ದೇ ಇರುತ್ತದೆ. ಆದರೆ ವರ್ಷದ ಕೊನೆಗೆ ನಾಲ್ಕು ಕಾಸು ಉಳಿದರೆ ಅದು ಯಾವ ಮಾಲೀಕನ ಜೇಬಿಗೂ ಹೋಗುವುದಿಲ್ಲ, ಮತ್ತೆ ಕೊಠಡಿಗೇ ಹೋಗುತ್ತದೆ. ಈಗ ಊರೂರಲ್ಲಿ ತಲೆಯೆತ್ತಿರುವ ಕೋ-ವರ್ಕಿಂಗ್ ಆಫೀಸುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಹೆಚ್ಚು ಕೊಡುವವರಿಗೆ ಜಾಗ. ಇಲ್ಲಿ ಬರೆಯುವವರಿಗೆ ಜಾಗ.

ಗುಡಿಸಲಿನಿಂದ ಆರಂಭ

ನಾವು ಹೇಳಹೊರಟಿರುವುದು ಮುಖ್ಯವಾಗಿ ಅಮೆರಿಕದ ಬಾಸ್ಟನ್ ನಗರದ ಕೊಠಡಿಯ ಬಗ್ಗೆ. ಆದರೆ ಅದಕ್ಕೂ ಹಿಂದಿನ ಒಂದು ಕಥೆ ಅದೇ ಊರಿನ ಹತ್ತಿರವೇ ಇದೆ. ಬಾಸ್ಟನ್ನಿನ ಪಕ್ಕದ ಕಾಂಕಾರ್ಡ್‌ನಲ್ಲಿ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ಪಕ್ಕ ಹತ್ತಡಿ ಅಗಲ ಹದಿನೈದಡಿ ಉದ್ದದ ಒಂದು ಗುಡಿಸಲು ಕಟ್ಟಿಕೊಂಡ. ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್ ಎಂದು ಅವನೇ ಲೆಕ್ಕ ಬರೆದಿಟ್ಟಿದ್ದಾನೆ. ಅಲ್ಲಿ ಎರಡು ವರ್ಷ ಎರಡು ತಿಂಗಳು ಇದ್ದ. ನಾವೆಲ್ಲ ಅವನ ಏಕಾಂತವನ್ನು ಹೊಗಳುತ್ತೇವೆ. ಆದರೆ ಒಂದು ಮಾತು ಮರೆಯುತ್ತೇವೆ. ಆ ಗುಡಿಸಲು ನಿಂತಿದ್ದ ನೆಲ ಅವನದ್ದಲ್ಲ! ಅದು ಅವನ ಗೆಳೆಯ, ಚಿಂತಕ ಎಮರ್ಸನ್‌ನದ್ದು. ಏಕಾಂತಕ್ಕೂ ಯಾರಾದರೂ ಜಾಗ ಕೊಡಬೇಕು ನೋಡಿ.

ಮುಂದೆ 1929ರಲ್ಲಿ ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಇದೇ ವಿಷಯಕ್ಕೆ ಒಂದು ಪುಸ್ತಕವನ್ನೇ ಬರೆದರು. ಹೆಂಗಸು ಕಥೆ ಕಾದಂಬರಿ ಬರೆಯಬೇಕಾದರೆ ಅವಳಿಗೆ ಸ್ವಂತದ ಆದಾಯ ಬೇಕು, ಬೀಗ ಹಾಕಿಕೊಳ್ಳಬಹುದಾದ ಸ್ವಂತದ ಕೋಣೆ ಬೇಕು ಎಂಬುದು ಅವರ ವಾದದ ತಿರುಳು. ಡೊಂಬಿವಿಲಿಯ ನಮ್ಮ ಕೇಳುಗರು ಆ ಪುಸ್ತಕ ಓದಿದ್ದಾರೋ ಇಲ್ಲವೋ ಗೊತ್ತಿಲ್ಲ. ಅವರ ಪತ್ರದಲ್ಲಿರುವುದೂ ಅದೇ ಮಾತು.

ಸ್ವಂತ ಕೋಣೆ ಎಲ್ಲರಿಗೂ ಎಲ್ಲಿಂದ ಬರಬೇಕು? ಇದಕ್ಕೆ ಒಂದು ಉತ್ತರ ಸಿಕ್ಕಿದ್ದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ. 1958ರಲ್ಲಿ ಅಲ್ಲಿ, ಪತ್ರಿಕಾ ಸಂಪಾದಕ ಫ್ರೆಡರಿಕ್ ಲೂಯಿಸ್ ಆಲೆನ್ ನೆನಪಿನಲ್ಲಿ, ಬರಹಗಾರರಿಗೆಂದೇ ಒಂದು ಕೋಣೆ ತೆರೆದರು. ಹನ್ನೊಂದು ಮಂದಿಗೆ ಮಾತ್ರ ಜಾಗ. ಪ್ರಕಾಶಕರ ಜೊತೆ ಪುಸ್ತಕದ ಕರಾರು ಆಗಿದ್ದವರಿಗೆ ಮಾತ್ರ ಬೀಗದ ಕೈ. ಬೆಟ್ಟಿ ಫ್ರೀಡನ್ 1963ರಲ್ಲಿ ಪ್ರಕಟಿಸಿದ, ಅಮೆರಿಕದ ಮಹಿಳಾ ಚಳವಳಿಗೆ ಕಿಚ್ಚು ಹಚ್ಚಿದ ಪುಸ್ತಕಕ್ಕಾಗಿ ಕೂತು ಕೆಲಸ ಮಾಡಿದ್ದು ಇದೇ ಕೋಣೆಯಲ್ಲಿ.

ಆದರೆ ಕರಾರು ಸಿಗದವರು, ಮೊದಲ ಪುಸ್ತಕ ಬರೆಯುತ್ತಿರುವವರು ಎಲ್ಲಿಗೆ ಹೋಗಬೇಕು? ಈ ಕೊರತೆ ಕಂಡ ಬರಹಗಾರರೇ ಸೇರಿ 1978ರಲ್ಲಿ ನ್ಯೂಯಾರ್ಕಿನಲ್ಲಿ 'ರೈಟರ್ಸ್ ರೂಮ್' ಎಂಬ ಲಾಭವಿಲ್ಲದ ಸಂಸ್ಥೆ ಕಟ್ಟಿದರು. ಹತ್ತು ವರ್ಷದ ನಂತರ, 1988ರಲ್ಲಿ, ಬಾಸ್ಟನ್ನಿನ ಬರಹಗಾರರೂ ತಮ್ಮ ಊರಿಗೊಂದು ಕೊಠಡಿ ಮಾಡಿಕೊಂಡರು. ಹೆಸರು 'ರೈಟರ್ಸ್ ರೂಮ್ ಆಫ್ ಬಾಸ್ಟನ್'.

ಬಾಸ್ಟನ್ನಿನ ಕೊಠಡಿ

ಬಾಸ್ಟನ್ನಿನಲ್ಲಿ ಹಾರ್ವರ್ಡ್ ಪಕ್ಕದಲ್ಲೇ ಇದೆ. ಕಾಲೇಜು, ಗ್ರಂಥಾಲಯ, ಪುಸ್ತಕದಂಗಡಿಗಳಿಗೆ ಬರವಿಲ್ಲ. ಆದರೆ ಮನೆ ಬಾಡಿಗೆ ಮಾತ್ರ ಮುಂಬಯಿಯವರೂ ಹುಬ್ಬೇರಿಸುವಂಥದ್ದು. ಮೇಷ್ಟರಿಕೆ, ಅನುವಾದ, ಹೋಟೆಲು ಕೆಲಸ ಮಾಡಿಕೊಂಡು ಬರೆಯುವವರು ಒಂದು ಹೆಚ್ಚಿನ ಕೋಣೆಯ ಮನೆ ಹಿಡಿಯಲಾರರು. ಹಾಗಾಗಿ ಬಾಡಿಗೆಯನ್ನು ಹಂಚಿಕೊಂಡರು.

ಈ ಕೊಠಡಿ ಬಹುಕಾಲ ಇದ್ದದ್ದು ಊರ ಮಧ್ಯದ ಸ್ಟೇಟ್ ಸ್ಟ್ರೀಟಿನ ಒಂದು ಕಟ್ಟಡದಲ್ಲಿ. ಸುತ್ತ ಬ್ಯಾಂಕು, ಕಚೇರಿ. ನಮ್ಮ ಮುಂಬಯಿಯ ಫೋರ್ಟ್ ಪ್ರದೇಶ ಇದ್ದ ಹಾಗೆ ಎನ್ನಿ. ಸಾಹಿತ್ಯಕ್ಕೆ ಹೊಂದುವ ಜಾಗ ಅಲ್ಲ ಅನಿಸುತ್ತದೆ ಅಲ್ಲವೇ? ಆದರೆ ಅದರಲ್ಲೊಂದು ಲೆಕ್ಕ ಇದೆ. ಊರ ಮಧ್ಯ ಆದ್ದರಿಂದ ಎಲ್ಲ ದಿಕ್ಕಿನ ರೈಲು ಅಲ್ಲಿಗೆ ಬರುತ್ತದೆ. ಸಂಜೆ ಆರಕ್ಕೆ ಆಫೀಸು ಬಿಟ್ಟ ಮೇಲೆ ಇಡೀ ಬೀದಿ ತಣ್ಣಗಾಗುತ್ತದೆ. ಕೆಲಸ ಮುಗಿಸಿ ಬರುವ ಬರಹಗಾರನಿಗೆ ಬೇಕಾದ್ದೂ ಅದೇ.

ಸೇರಬೇಕೆಂದರೆ ಅರ್ಜಿ ಹಾಕಬೇಕು, ಬರೆದದ್ದರ ಮಾದರಿ ಕೊಡಬೇಕು. ಹೆಸರು ಮಾಡಿರಬೇಕು ಎಂದೇನಿಲ್ಲ, ಗಂಭೀರವಾಗಿ ಬರೆಯುತ್ತಿದ್ದಾರೆ ಎಂದು ಗೊತ್ತಾಗಬೇಕು. ಕಾದಂಬರಿಕಾರರು, ಕವಿಗಳು, ಜೀವನಚರಿತ್ರೆ ಬರೆಯುವವರು ಎಲ್ಲರಿಗೂ ಅವಕಾಶ ಉಂಟು. ಶುಲ್ಕ ಕೊಡಲಾಗದವರಿಗೆ ಸ್ಪರ್ಧೆಯ ಮೂಲಕ ಫೆಲೋಶಿಪ್ ಇದೆ. ಗೆದ್ದವರಿಗೆ ಶುಲ್ಕವಿಲ್ಲದೆ ಕೊಠಡಿ ಬಳಸುವ ಅವಕಾಶ. ಕಾದಂಬರಿಕಾರ ಐವಾನ್ ಗೋಲ್ಡ್ ಈ ಸಂಸ್ಥೆಯನ್ನು ಮುನ್ನಡೆಸಿದವರಲ್ಲಿ ಒಬ್ಬರು. ಒಂದು ಫೆಲೋಶಿಪ್‌ಗೆ ಅವರದೇ ಹೆಸರಿದೆ.

1997ರಲ್ಲಿ ಇದೇ ಊರಿನಲ್ಲಿ 'ಗ್ರಬ್ ಸ್ಟ್ರೀಟ್' ಎಂಬ ಇನ್ನೊಂದು ಸಂಸ್ಥೆ ಶುರುವಾಯಿತು. ಅದು ಬರವಣಿಗೆಯ ತರಗತಿ ನಡೆಸುವಂಥದ್ದು. ಒಂದು ಕಲಿಸುತ್ತದೆ, ಇನ್ನೊಂದು ಸುಮ್ಮನೆ ಕೂರಲು ಬಿಡುತ್ತದೆ. ಒಂದೇ ಊರಿಗೆ ಎರಡೂ ಬೇಕಾಯಿತು ಎಂಬುದನ್ನು ಗಮನಿಸಿ.

ಲೆಕ್ಕ ಹಾಕಿ ನೋಡೋಣ

ನಿಮ್ಮಲ್ಲಿ ಕೆಲವರು ಆಗಲೇ "ಇದೆಲ್ಲ ಡಾಲರ್ ದೇಶದ ಮಾತು" ಎಂದು ಪುಟ ತಿರುಗಿಸಲು ಹೊರಟಿರಬಹುದು. ಸ್ವಲ್ಪ ತಾಳಿ. ನಮ್ಮ ರೂಪಾಯಿಯಲ್ಲೇ ಒಂದು ಉದಾಹರಣೆ ಲೆಕ್ಕ ಹಾಕೋಣ.

ಒಂದು ಕೋಣೆಯ ಬಾಡಿಗೆ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಕರೆಂಟು, ಗುಡಿಸುವವರ ಸಂಬಳ, ನೀರು, ರಿಪೇರಿ ಇನ್ನೊಂದು 10,000. ಒಟ್ಟು 40,000. ಕೋಣೆಯಲ್ಲಿ ಎಂಟು ಮೇಜು. ಎಂಟೇ ಜನರಿಗೆ ಕೊಟ್ಟರೆ ತಲೆಗೆ 5,000 ಬೀಳುತ್ತದೆ. ಅಷ್ಟು ಕೊಟ್ಟು ಕಥೆ ಬರೆಯುವವರು ಯಾರಿದ್ದಾರೆ?

ಇಲ್ಲೇ ಹಂಚಿಕೆಯ ಗುಟ್ಟು ಇರುವುದು. ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಗೃಹಿಣಿ ಮಧ್ಯಾಹ್ನ ಹನ್ನೆರಡರಿಂದ ಮೂರು, ಬ್ಯಾಂಕಿನವರು ಸಂಜೆ ಏಳರಿಂದ ಒಂಬತ್ತು, ನಿವೃತ್ತರು ಬೆಳಗ್ಗೆ, ಕಾಲೇಜು ಹುಡುಗರು ರಜಾದಿನ. ಹಾಗಾಗಿ ಎಂಟು ಮೇಜಿಗೆ 32 ಸದಸ್ಯರು ಇರಬಹುದು. ಅವರಲ್ಲಿ ನಾಲ್ವರಿಗೆ ಉಚಿತ ಎಂದಿಟ್ಟುಕೊಂಡರೂ ಉಳಿದ 28 ಮಂದಿ ತಿಂಗಳಿಗೆ 1,000 ರೂಪಾಯಿ ಕೊಟ್ಟರೆ 28,000 ಆಯಿತು. ಕೊರತೆ 12,000.

ಈ 12,000 ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರವೇ ಲಾಭವಿಲ್ಲದ ಸಂಸ್ಥೆ. ಅದಕ್ಕೆ ದಾನ ಕೊಡಬಹುದು. ಅಮೆರಿಕದಲ್ಲಿ ಇಂಥ ಸಂಸ್ಥೆಗೆ ಕೊಟ್ಟ ದಾನಕ್ಕೆ ತೆರಿಗೆ ರಿಯಾಯಿತಿ ಸಿಗುತ್ತದೆ. ನಮ್ಮಲ್ಲೂ ಆದಾಯ ತೆರಿಗೆ ಇಲಾಖೆಯ ಮಂಜೂರಾತಿ ಪಡೆದ ಸಂಸ್ಥೆಗಳಿಗೆ ಅಂಥ ಸೌಲಭ್ಯ ಇದೆ. ಖಾಸಗಿ ಆಫೀಸಿಗೆ ಯಾರೂ ದಾನ ಕೊಡುವುದಿಲ್ಲ. ಸಾರ್ವಜನಿಕ ಕೆಲಸ ಎಂದು ನಂಬಿಕೆ ಬಂದರೆ ಕೊಡುತ್ತಾರೆ. ಗಣೇಶೋತ್ಸವಕ್ಕೆ ಚಂದಾ ಎತ್ತಿದವರಿಗೆ ಇದನ್ನು ನಾವು ಹೇಳಿಕೊಡಬೇಕೆ?

ಆದರೆ ಈ ಲೆಕ್ಕದಲ್ಲೇ ಅಪಾಯವೂ ಇದೆ. ಬಾಡಿಗೆ 30,000ದಿಂದ 45,000ಕ್ಕೆ ಏರಿದರೆ ಇಡೀ ವ್ಯವಸ್ಥೆ ಅಲುಗಾಡುತ್ತದೆ. 2020ರಲ್ಲಿ ಕೊರೊನಾ ಬಂದಾಗ ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂರುವುದೇ ನಿಂತಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಬುದ್ಧಿವಂತರು ಆರು ತಿಂಗಳ ಬಾಡಿಗೆಯನ್ನಾದರೂ ಮೊದಲೇ ಕೂಡಿಟ್ಟು ಆಮೇಲೆ ಬಾಗಿಲು ತೆರೆಯುತ್ತಾರೆ.

ಮೇಜಿಗಿಂತ ದೊಡ್ಡದು

ಜಾಗ ಒಂದೇ ಸಾಕಾಗಿದ್ದರೆ ಯಾವುದಾದರೂ ಹೋಟೆಲಿನ ಮೂಲೆಯಲ್ಲಿ ಕೂರಬಹುದಿತ್ತು. ಕೊಠಡಿ ಕೊಡುವ ಇನ್ನೊಂದು ವಸ್ತು ಇದೆ. ಅದನ್ನು ವಿವರಿಸಲು ಮತ್ತೆ ನ್ಯೂಯಾರ್ಕಿಗೆ ಹೋಗೋಣ.

ರಾಬರ್ಟ್ ಕ್ಯಾರೋ ಎಂಬ ಪತ್ರಕರ್ತ ನ್ಯೂಯಾರ್ಕ್ ನಗರವನ್ನು ಕಟ್ಟಿದ ಪ್ರಬಲ ಅಧಿಕಾರಿ ರಾಬರ್ಟ್ ಮೋಸಸ್‌ನ ಜೀವನಚರಿತ್ರೆ ಬರೆಯುತ್ತಿದ್ದರು. ಐದು ವರ್ಷ ಕಳೆದಿತ್ತು. ಹಣ ಮುಗಿದಿತ್ತು. ಬರೆಯುವ ಇನ್ನೊಬ್ಬರ ಪರಿಚಯವೂ ಇರಲಿಲ್ಲ. ತನ್ನಲ್ಲೇ ಏನೋ ದೋಷ ಇದೆ, ಅದಕ್ಕೇ ಪುಸ್ತಕ ಮುಗಿಯುತ್ತಿಲ್ಲ ಎಂಬ ಭಯ. 1971ರ ಹೊತ್ತಿಗೆ ಅವರಿಗೆ ಆ ಗ್ರಂಥಾಲಯದ ಆಲೆನ್ ಕೋಣೆಯ ಬೀಗದ ಕೈ ಸಿಕ್ಕಿತು.

ಒಂದು ದಿನ ಅಲ್ಲೇ ಕೂರುತ್ತಿದ್ದ ಜೇಮ್ಸ್ ಫ್ಲೆಕ್ಸ್‌ನರ್ ಎಂಬ ಹಿರಿಯ ಲೇಖಕರು, ಎಷ್ಟು ಕಾಲದಿಂದ ಬರೆಯುತ್ತಿದ್ದೀರಿ ಎಂದು ಕೇಳಿದರು. ಕ್ಯಾರೋ ಅಂಜುತ್ತಿದ್ದ ಪ್ರಶ್ನೆ ಅದೇ. ನಾಚಿಕೊಂಡೇ ಐದು ವರ್ಷ ಎಂದರು. ಅದೇನೂ ಹೆಚ್ಚಲ್ಲ, ವಾಷಿಂಗ್ಟನ್ ಜೀವನಚರಿತ್ರೆಗೆ ನಾನು ಒಂಬತ್ತು ವರ್ಷದಿಂದ ಕೂತಿದ್ದೇನೆ ಎಂದರು ಫ್ಲೆಕ್ಸ್‌ನರ್. ಮರುದಿನ ಅದೇ ಪ್ರಶ್ನೆ ಕೇಳಿದ ಜೋಸೆಫ್ ಲ್ಯಾಶ್ ತಮ್ಮ ರೂಸ್‌ವೆಲ್ಟ್ ದಂಪತಿಯ ಪುಸ್ತಕಕ್ಕೆ ಏಳು ವರ್ಷ ಹಿಡಿಯಿತು ಎಂದರು. ಅಷ್ಟೇ! ಐದು ವರ್ಷದ ಭಾರ ಇಳಿದುಹೋಯಿತು ಎಂದು ಕ್ಯಾರೋ ಮುಂದೆ ನೆನೆದಿದ್ದಾರೆ. ಸಾವಿರ ಪುಟ ಮೀರಿದ ಆ ಪುಸ್ತಕ 1974ರಲ್ಲಿ ಹೊರಬಂತು, 1975ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಮೇಜು ಅವರಿಗೆ ಮನೆಯಲ್ಲೂ ಸಿಗಬಹುದಿತ್ತು. ಆ ಎರಡು ಮಾತು ಮನೆಯಲ್ಲಿ ಸಿಗುತ್ತಿರಲಿಲ್ಲ. ಮೂರು ವರ್ಷ ನಲವತ್ತೊಂದನೇ ಪುಟದಲ್ಲಿ ನಿಂತವರಿಗೆ "ನಂದೂ ಹಾಗೇ ನಿಂತಿತ್ತು ಅಕ್ಕಾ, ಆಮೇಲೆ ಮುಂದೆ ಹೋಯ್ತು" ಎನ್ನುವ ಇನ್ನೊಬ್ಬರು ಬೇಕು.

ನಮ್ಮವರು ಕೊಠಡಿ ಇಲ್ಲದೆಯೇ ಬರೆದರಲ್ಲ?

ಖಂಡಿತ ಬರೆದರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ಉದ್ಯಮದ ಕೆಲಸ ಮಾಡಿಕೊಂಡೇ 1979ರಲ್ಲಿ 'ಶಿಕಾರಿ' ಕೊಟ್ಟರು. ಜಯಂತ ಕಾಯ್ಕಿಣಿಯವರು ಅದೇ ಮುಂಬಯಿಯಲ್ಲಿ ಔಷಧ ಕಂಪನಿಯಲ್ಲಿ ದುಡಿಯುತ್ತಲೇ ಕಥೆ ಬರೆದರು. ಆ ಮುಂಬಯಿ ಕಥೆಗಳು ಇಂಗ್ಲಿಷಿಗೆ ಹೋಗಿ 2018ರ ಡಿಎಸ್‌ಸಿ ಪ್ರಶಸ್ತಿ ಗೆದ್ದವು. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. ಹೊರನಾಡು ಕನ್ನಡಕ್ಕೆ ಬಂಜರು ನೆಲ ಅಲ್ಲ ಎನ್ನಲು ಇಷ್ಟು ಸಾಕು.

ಆದರೆ ಈ ಹೆಸರುಗಳಿಂದ ಕೊಠಡಿ ಬೇಡ ಎಂದು ತೀರ್ಮಾನಿಸುವುದು ಸರಿಯಲ್ಲ. ಈಜಿ ದಡ ಸೇರಿದವರನ್ನು ಮಾತ್ರ ಎಣಿಸಿ ಸೇತುವೆ ಯಾಕೆ ಎಂದು ಕೇಳಿದ ಹಾಗಾಗುತ್ತದೆ. ಬರೆಯಲಾಗದೆ ಬಿಟ್ಟವರ ಪಟ್ಟಿ ಯಾರ ಬಳಿಯೂ ಇಲ್ಲ. ಅದರಲ್ಲಿ ಹೆಂಗಸರ ಹೆಸರು ಹೆಚ್ಚಿರಬಹುದು ಎಂದು ಊಹಿಸಲು ಬಹಳ ಬುದ್ಧಿ ಬೇಕಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಅಂಥ ಮುಂದಿನ ಕಥೆ ಯಾವ ಅಡುಗೆಮನೆಯಲ್ಲಿ ಅರ್ಧಕ್ಕೆ ನಿಂತಿದೆಯೋ ಯಾರಿಗೆ ಗೊತ್ತು?

ಇನ್ನೂ ಒಂದು ಚಿಂತೆ ಇದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ. ಓದುವವರು ಕಡಿಮೆ, ಬರೆಯುವವರು ಇನ್ನೂ ಕಡಿಮೆ. ಅಮ್ಮ ಕನ್ನಡದಲ್ಲಿ ಬರೆಯುವುದನ್ನು ಮಗು ಕಣ್ಣಾರೆ ನೋಡದಿದ್ದರೆ, ಅಕ್ಷರ ಅವರಿಗೆ ಅಂಗಡಿ ಬೋರ್ಡಿನಲ್ಲೂ ಸಿಗದ ಊರು ಇದು.

ನಮ್ಮೂರಲ್ಲಿ ಏನಿದೆ?

ಈಗ ಸುತ್ತ ನೋಡೋಣ. ಪುಣೆಯಲ್ಲಿ, ಮುಂಬಯಿಯಲ್ಲಿ 'ಅಭ್ಯಾಸಿಕಾ' ಎಂಬ ಬೋರ್ಡು ನೀವು ಕಂಡೇ ಇರುತ್ತೀರಿ. ಪರೀಕ್ಷೆಗೆ ಓದುವ ಹುಡುಗರು ತಿಂಗಳಿಗಿಷ್ಟು ಎಂದು ಕೊಟ್ಟು ಕೂರುವ ಜಾಗ. ದೆಹಲಿಯ ಮುಖರ್ಜಿ ನಗರದಲ್ಲಿ ಇದಕ್ಕೆ 'ಲೈಬ್ರರಿ' ಎಂದೇ ಹೆಸರು, ಪುಸ್ತಕ ಇಲ್ಲದಿದ್ದರೂ! ಹೈದರಾಬಾದಿನ ಅಶೋಕ ನಗರ, ಚಿಕ್ಕಡಪಲ್ಲಿ ಸುತ್ತ ಸ್ಟಡಿ ಹಾಲುಗಳ ಸಾಲೇ ಇದೆ. ಚೆನ್ನೈನಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಸ್ವಂತ ಪುಸ್ತಕ ತಂದು ಓದಲು ಪ್ರತ್ಯೇಕ ವಿಭಾಗವೇ ಇದೆ. ಅಂದರೆ ಮೇಜು ಹಂಚಿಕೊಳ್ಳುವ ವಿದ್ಯೆ ನಮಗೆ ಹೊಸದಲ್ಲ. ಪರೀಕ್ಷೆಗೆ ಮಾಡಿದ್ದನ್ನು ಬರವಣಿಗೆಗೆ ಮಾಡಿಲ್ಲ, ಅಷ್ಟೇ.

ನಮ್ಮ ಸಂಘಗಳನ್ನೂ ನೋಡಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ಮುಂಬಯಿಯ ಕರ್ನಾಟಕ ಸಂಘ 1933ರದ್ದು. ದೆಹಲಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲೂ ಕನ್ನಡಿಗರ ಹಳೆಯ ಸಂಸ್ಥೆಗಳಿವೆ. ಹಿರಿಯರು ಬೆವರು ಸುರಿಸಿ ಗಳಿಸಿದ ಜಾಗಗಳು ಇವು. ನಿಮ್ಮ ಹತ್ತಿರದ ಸಂಘದಲ್ಲಿ ಒಂದು ಕೋಣೆ ವಾರದ ದಿನಗಳಲ್ಲಿ ಎಷ್ಟು ಗಂಟೆ ಖಾಲಿ ಇರುತ್ತದೆ ಎಂದು ಎಂದಾದರೂ ಕೇಳಿದ್ದೀರಾ? ಅಂಥ ಕೋಣೆ ಸಿಕ್ಕರೆ ಮೇಲಿನ ಲೆಕ್ಕದಲ್ಲಿ 30,000 ರೂಪಾಯಿ ಬಾಡಿಗೆಯ ಸಾಲೇ ಅಳಿಸಿಹೋಗುತ್ತದೆ!

ಹೊಸ ಸಂಸ್ಥೆಯ ನೋಂದಣಿಯೂ ಆಗ ಬೇಕಾಗುವುದಿಲ್ಲ, ಸಂಘದ ಒಂದು ಚಟುವಟಿಕೆ ಎಂದು ನಡೆಸಬಹುದು. ಬೇರೆಯಾಗಿಯೇ ಮಾಡುವುದಿದ್ದರೆ 1860ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ಸೇರಿದರೆ ಸಾಕು.

ಶುರು ಮಾಡುವವರಿಗೆ ನಾಲ್ಕು ಮಾತು

ಒಂದು, ಚಿಕ್ಕದಾಗಿ ತೊಡಗಿ. ವಾರಕ್ಕೆ ಎರಡು ಮಧ್ಯಾಹ್ನ, ನಾಲ್ಕು ಮೇಜು. ಮೂರು ತಿಂಗಳು ನಡೆಸಿ ನೋಡಿ.

ಎರಡು, ಮೌನದ ನಿಯಮ ಸಡಿಲ ಬಿಡಬೇಡಿ. ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ತಾನಾಗಿ ಬರುತ್ತದೆ, ಅದರ ಬೆನ್ನಿಗೆ ಚಹಾ, ಅದರ ಬೆನ್ನಿಗೆ ಊರ ರಾಜಕೀಯ. ಕೊಠಡಿ ಹರಟೆಕಟ್ಟೆ ಆದ ದಿನ ಬರೆಯುವವರು ಮನೆಗೆ ಮರಳುತ್ತಾರೆ.

ಮೂರು, ಯಾರಿಗೆ ಜಾಗ ಎಂಬುದನ್ನು ಬರೆದಿಟ್ಟುಕೊಳ್ಳಿ. ಪದಾಧಿಕಾರಿಗಳ ನೆಂಟರಿಗೆ ಮೊದಲು ಎಂದಾದರೆ ಮುಗಿಯಿತು ಕಥೆ. ಪುಸ್ತಕ ಬಂದವರಿಗೆ ಮಾತ್ರ ಎಂದರೂ ತಪ್ಪು. ಹೊಸಬರಿಗೆ, ಹೆಂಗಸರಿಗೆ, ಶುಲ್ಕ ಕೊಡಲಾಗದವರಿಗೆ ಮೇಜು ಮೀಸಲಿರಲಿ.

ನಾಲ್ಕು, ಸುರಕ್ಷತೆ. ಅಗ್ಗಕ್ಕೆ ಸಿಗುತ್ತದೆಂದು ನೆಲಮಾಳಿಗೆ ಹಿಡಿಯಬೇಡಿ. 2024ರ ಜುಲೈನಲ್ಲಿ ದೆಹಲಿಯ ಹಳೆ ರಾಜಿಂದರ್ ನಗರದಲ್ಲಿ ಲೈಬ್ರರಿಯಾಗಿ ಬಳಸುತ್ತಿದ್ದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತದ್ದನ್ನು ಮರೆಯುವಂತಿಲ್ಲ. ಗಾಳಿ, ಬೆಳಕು, ಎರಡು ಬಾಗಿಲು, ಸ್ಟೇಶನ್ನಿಗೆ ಹತ್ತಿರ, ಮನೆಗೆ ಮರಳುವ ದಾರಿಯಲ್ಲಿ ದೀಪ. ಇಷ್ಟು ಇದ್ದರೆ ಮನೆಯವರೂ ಧೈರ್ಯವಾಗಿ ಕಳಿಸುತ್ತಾರೆ.

ಕೊನೆಗೆ ಒಂದು ಪ್ರಾಮಾಣಿಕ ಮಾತು. ಕೊಠಡಿ ಯಾರನ್ನೂ ಲೇಖಕರನ್ನಾಗಿ ಮಾಡುವುದಿಲ್ಲ. ಅಲ್ಲಿ ಕೂತೂ ಬರೆಯದೆ ಎದ್ದು ಬರುವ ದಿನಗಳೇ ಹೆಚ್ಚಿರಬಹುದು. ಆದರೆ ಬರೆಯಬೇಕೆಂದವರು ಬರೆಯಲಾಗದ್ದಕ್ಕೆ ಜಾಗ ಇಲ್ಲದ್ದು ಕಾರಣ ಆಗಬಾರದು. ಅಷ್ಟನ್ನು ನಾವು ನೀವು ಸೇರಿ ಮಾಡಬಹುದು.

ಡೊಂಬಿವಿಲಿಯ ಅಕ್ಕನವರಿಗೆ ಸದ್ಯ ನಾವು ಕೊಡಬಹುದಾದ ಉತ್ತರ ಇಷ್ಟೇ. ಇಂಥ ಜಾಗಗಳು ಇರುತ್ತವೆ, ಬರೆಯುವವರೇ ಸೇರಿ ಮಾಡಿಕೊಂಡದ್ದು. ನಿಮ್ಮ ಹತ್ತಿರ ಇನ್ನೂ ಇಲ್ಲ. ಕಲ್ಯಾಣ, ಠಾಣೆ, ಡೊಂಬಿವಿಲಿ ಕಡೆಯ ಓದುಗರೇ, ನಿಮ್ಮ ಬಳಿ ಖಾಲಿ ಕೋಣೆಯೊಂದರ ಕೀಲಿ ಇದೆಯೇ? ಇದ್ದರೆ ನಮಗೊಂದು ಪತ್ರ ಹಾಕಿ. ನಲವತ್ತೆರಡನೇ ಪುಟಕ್ಕಾಗಿ ಅವರೂ ಕಾಯುತ್ತಿದ್ದಾರೆ, ನಾವೂ ಕಾಯುತ್ತಿದ್ದೇವೆ.

ಭಾನುವಾರ ಮತ್ತೆ ರೇಡಿಯೋದಲ್ಲಿ ಸಿಗೋಣ.